ಕಾಫಿ ಬೆಟ್ಟಗಳ ಆದಿವಾಸಿ ಮಹಿಳೆಯರು ಮತ್ತು ಭೂಹಕ್ಕಿನ ಹೋರಾಟ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ತಾಲ್ಲೂಕುಗಳ ಕಾಡಂಚಿನಲ್ಲಿ ಮಲೆಕುಡಿಯ, ಹಸಲರು, ಗೌಡಲು ಮೊದಲಾದ ಪರಿಶಿಷ್ಟ ಪಂಗಡಗಳ ಜನರಿದ್ದಾರೆ. ಈ ಸಮುದಾಯಗಳ ಮಹಿಳೆಯರು ತಮ್ಮ ಪೂರ್ವಿಕರ ನೆಲವನ್ನು ಉಳಿಸಿಕೊಳ್ಳಲು ನಡೆಸಿದ, ಈಗಲೂ ನಡೆಸುತ್ತಿರುವ ಪ್ರಯತ್ನವೇ ಈ ಲೇಖನದ ವಿಷಯ. ಚಿಪ್ಕೋ ಚಳವಳಿಯಂತೆ ಇದಕ್ಕೆ ಒಂದು ದಿನಾಂಕ, ಒಂದು ಊರು, ಒಬ್ಬ ನಾಯಕಿಯ ಹೆಸರು ಅಂಟಿಕೊಂಡಿಲ್ಲ. ಇಲ್ಲಿ ನೆಲ ಹೋದದ್ದೂ ಒಂದೇ ಏಟಿಗಲ್ಲ. ಒಂದಷ್ಟು ಕಾಫಿ ತೋಟದ ಬೇಲಿಯೊಳಗೆ ಸೇರಿತು, ಒಂದಷ್ಟು ಗಣಿಗೆ, ಉಳಿದದ್ದು ರಾಷ್ಟ್ರೀಯ ಉದ್ಯಾನದ ನಕ್ಷೆಗೆ. ಹೀಗೆ ಕಂತುಕಂತಾಗಿ ಕೈತಪ್ಪಿದ ನೆಲವನ್ನು ಮರಳಿ ಕೇಳುವ ಕೆಲಸವೂ ಕಂತುಕಂತಾಗಿಯೇ ನಡೆದಿದೆ. ಬೀದಿಗಿಂತ ಹೆಚ್ಚಾಗಿ ಅದು ನಡೆದದ್ದು ಗ್ರಾಮಸಭೆಯಲ್ಲಿ, ತಾಲ್ಲೂಕು ಕಚೇರಿಯ ಜಗಲಿಯಲ್ಲಿ, ಅರ್ಜಿ ನಮೂನೆಯ ಮೇಲೆ.

ನೆಲ ಮತ್ತು ಜನ

ಮಲೆಕುಡಿಯರು ಪಶ್ಚಿಮಘಟ್ಟದ ಎರಡೂ ಮಗ್ಗುಲಲ್ಲಿ ಹರಡಿದ್ದಾರೆ. ಘಟ್ಟದ ಕೆಳಗೆ ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಸೀಮೆ. ಮೇಲೆ ಕಳಸ, ಸಂಸೆ, ಕುದುರೆಮುಖದ ಸುತ್ತಿನ ಹಳ್ಳಿಗಳು. ಮನೆಮಾತು ತುಳು. ಕೊಡಗಿನಲ್ಲೂ ಕಾಸರಗೋಡಿನಲ್ಲೂ ಕುಡಿಯರೆಂಬ ಹೆಸರಿನ ಸಮುದಾಯಗಳಿವೆ. ಹಸಲರು ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳ ಮಲೆನಾಡಿನವರು. ಅಡಿಕೆ ತೋಟ ಮತ್ತು ಗದ್ದೆಗಳ ಆಳುತನದಲ್ಲಿ ತಲೆಮಾರುಗಳನ್ನು ಕಳೆದವರು. ಗೌಡಲು ಜನರ ಒಂಟಿಮನೆಗಳು ಕೊಪ್ಪ, ಶೃಂಗೇರಿ ಕಡೆಯ ಕಾಡಿನ ನಡುವೆ ಅಲ್ಲಲ್ಲಿ ಚದುರಿವೆ. ಜಿಲ್ಲೆಯಲ್ಲಿ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿ ಇದೆ. ಆದರೆ ಸಂವಿಧಾನದ ಐದನೇ ಅನುಸೂಚಿಯಡಿ ಘೋಷಿತವಾದ ಪ್ರದೇಶ ಕರ್ನಾಟಕದಲ್ಲಿ ಒಂದೂ ಇಲ್ಲ. ಹಾಗಾಗಿ ಆದಿವಾಸಿ ಗ್ರಾಮಸಭೆಗಳಿಗೆ ವಿಶೇಷ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಇಲ್ಲಿ ಅನ್ವಯವಾಗುವುದಿಲ್ಲ. ಜಾರ್ಖಂಡ್ ಅಥವಾ ಒಡಿಶಾದ ಆದಿವಾಸಿ ಮಹಿಳೆ ಕೈಗೆತ್ತಿಕೊಳ್ಳಬಹುದಾದ ಈ ಆಯುಧ ಕಳಸದ ಮಲೆಕುಡಿಯ ಮಹಿಳೆಯ ಪಾಲಿಗೆ ಇಲ್ಲವೇ ಇಲ್ಲ.

ಸಾಂಪ್ರದಾಯಿಕ ನೆಲ ಎಂದಾಗ ಸಾಗುವಳಿ ಭೂಮಿಯನ್ನಷ್ಟೇ ನೆನೆದರೆ ಚಿತ್ರ ಅರ್ಧವಾಗುತ್ತದೆ. ಮನೆಯ ಸುತ್ತಲ ಹಿತ್ತಲು, ಅರ್ಧ ಎಕರೆ ಗದ್ದೆ, ನಾಲ್ಕು ಕಾಳುಮೆಣಸಿನ ಬಳ್ಳಿ ಒಂದು ಭಾಗ. ಜೇನು, ಸೀಗೆ, ಅಂಟುವಾಳ, ರಾಮಪತ್ರೆ, ಉಪ್ಪಾಗೆ, ಹಾಲುಮಡ್ಡಿ, ಬೆತ್ತ, ಕಳಲೆ ಸಿಗುವ ಕಾನು ಇನ್ನೊಂದು ಭಾಗ. ದೈವದ ಕಲ್ಲು, ಗುರುಹಿರಿಯರನ್ನು ಮಣ್ಣುಮಾಡಿದ ಜಾಗ, ಬೇಸಗೆಯಲ್ಲೂ ಬತ್ತದ ಒರತೆ ಮತ್ತೊಂದು. ಈ ಎಲ್ಲ ಭಾಗಗಳಲ್ಲೂ ದಿನನಿತ್ಯ ಓಡಾಡುವವರು ಹೆಚ್ಚಾಗಿ ಹೆಂಗಸರು. ಸೌದೆ, ಸೊಪ್ಪು, ನೀರು, ಕಾಡುತ್ಪತ್ತಿ ಒಟ್ಟುಮಾಡುವ ಕೆಲಸ ಅವರದು. ಯಾವ ಒರತೆ ಯಾರ ಮನೆಗೆ, ಹಳೆಯ ಮನೆ ಎಲ್ಲಿತ್ತು, ಹಲಸಿನ ಮರ ನೆಟ್ಟವರು ಯಾರು ಎಂಬುದು ಅವರಿಗೆ ಬಾಯಿಪಾಠ. ಅರಣ್ಯ ಹಕ್ಕು ಕಾಯ್ದೆ ಬರುವವರೆಗೆ ಈ ತಿಳಿವಳಿಕೆಗೆ ಕಚೇರಿಯಲ್ಲಿ ಕಿಮ್ಮತ್ತಿರಲಿಲ್ಲ.

ಕಾಫಿ ಬಂದ ಮೇಲೆ

ಬಾಬಾಬುಡನ್ ಗಿರಿಯ ಕಾಫಿಯ ಕಥೆಯನ್ನು ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ. ನೆಲದ ಲೆಕ್ಕದಲ್ಲಿ ಮುಖ್ಯವಾದದ್ದು ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ತೋಟಗಳು ಮತ್ತು ಅವುಗಳ ಬೆನ್ನಿಗೇ ಬೆಳೆದ ದೇಶೀ ಸಾಹುಕಾರರ ತೋಟಗಳು. ಸರ್ಕಾರದ ಕಣ್ಣಿಗೆ ಪಾಳು ಅಥವಾ ಕಾಡು ಎನಿಸಿದ್ದು ಅಲ್ಲಿದ್ದವರಿಗೆ ಕುಮರಿ ಬೇಸಾಯದ ಜಾಗವೂ ಜೇನಿನ ಕಾಡೂ ಆಗಿತ್ತು. ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಮಲೆನಾಡಿನ ಹುಟ್ಟಾಳು ಮತ್ತು ಮಣ್ಣಾಳುಗಳ ಬಗ್ಗೆ ದಾಖಲಿಸಿದ್ದಾರೆ. ಒಡೆಯನ ಮನೆಯಲ್ಲೇ ಹುಟ್ಟಿ ದುಡಿಯುವವರು ಹುಟ್ಟಾಳುಗಳು. ಜಮೀನು ಕೈಬದಲಾದಾಗ ಅದರ ಜೊತೆಗೇ ಮಾರಾಟವಾಗುವವರು ಮಣ್ಣಾಳುಗಳು. ಮಣ್ಣಿಗೆ ಕಟ್ಟಿಹಾಕಿದ ಜನರಿಗೆ ಮಣ್ಣಿನ ಹಕ್ಕು ಇರಲಿಲ್ಲ. ಜೀತ ನಿರ್ಮೂಲನೆಯ ಕಾಯ್ದೆ ಬಂದದ್ದು 1976ರಲ್ಲಿ.

ಭೂಸುಧಾರಣೆಯೂ ಈ ಬೆಟ್ಟಗಳನ್ನು ಹತ್ತಲಿಲ್ಲ. 1974ರ ತಿದ್ದುಪಡಿಯಿಂದ ಬಲಗೊಂಡ ಕರ್ನಾಟಕ ಭೂಸುಧಾರಣಾ ಕಾಯ್ದೆ ಕರಾವಳಿಯ ಗೇಣಿದಾರರಿಗೆ ಭೂಮಿ ಕೊಡಿಸಿದ್ದು ನಿಜ. ಆದರೆ ಕಾಫಿ, ಏಲಕ್ಕಿ, ಕಾಳುಮೆಣಸು, ಟೀ, ರಬ್ಬರ್ ತೋಟಗಳನ್ನು ಕಾಯ್ದೆಯ 104ನೆಯ ಕಲಮು ಭೂಮಿತಿಯಿಂದ ಹೊರಗಿಟ್ಟಿತು. ಮುನ್ನೂರು ಎಕರೆಯ ತೋಟ ಮುನ್ನೂರು ಎಕರೆಯಾಗಿಯೇ ಉಳಿಯಿತು. ಅದರ ಲೈನು ಮನೆಗಳಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ, ಇದ್ದ ಕುಟುಂಬಕ್ಕೆ ಕೂಲಿ ಇತ್ತು, ಅಡಿ ನೆಲ ಇರಲಿಲ್ಲ. ಲೈನು ಮನೆ ಸಿಗುವುದೇ ಕೂಲಿಗೆ ಬರುವ ಕರಾರಿನ ಮೇಲೆ. ಗಂಡ ಸತ್ತರೆ, ಮೈಯಲ್ಲಿ ಕಸುವು ಉಡುಗಿದರೆ, ಮೇಸ್ತ್ರಿಯ ಜೊತೆ ಮಾತು ಬೆಳೆದರೆ ಮೊದಲು ಅಲುಗುವುದು ಆ ಸೂರು. ಕಾಫಿ ಕುಯಿಲು, ಚಿಗುರು ತೆಗೆಯುವುದು, ಕಳೆ, ಕಣದ ಕೆಲಸ ಎಲ್ಲದರಲ್ಲೂ ಹೆಂಗಸರದೇ ದೊಡ್ಡ ಪಾಲು. ಆದ್ದರಿಂದ ಈ ಅಭದ್ರತೆಯ ಭಾರವೂ ಅವರ ಮೇಲೇ ಹೆಚ್ಚು. ಕಾಫಿ ನಾಡಿನಲ್ಲಿ ಹೆಂಗಸರು ಎತ್ತಿದ ಭೂಮಿಯ ಪ್ರಶ್ನೆ ಬಹಳ ಸಲ ನಿವೇಶನದ ಪ್ರಶ್ನೆಯಾಗಿಯೇ ಕೇಳಿಬರಲು ಕಾರಣ ಇದು. ಮೂವತ್ತು-ನಲವತ್ತು ಅಡಿಯ ಸೈಟನ್ನು ಕೇಳುವುದು ಸಣ್ಣ ಬೇಡಿಕೆ ಎಂದು ತಳ್ಳಿಹಾಕುವವರು ಲೈನು ಮನೆಯ ಲೆಕ್ಕ ತಿಳಿಯದವರು.

1994ರಲ್ಲಿ ಬ್ರೆಜಿಲ್‌ನ ಕಾಫಿ ಹಿಮಕ್ಕೆ ಸಿಕ್ಕಿತು. ಬೆಲೆ ಏರಿತು. ಅದೇ ದಶಕದಲ್ಲಿ ಕಾಫಿ ಮಂಡಳಿಯ ಏಕಸ್ವಾಮ್ಯದ ಖರೀದಿ ವ್ಯವಸ್ಥೆಯೂ ಕೊನೆಗೊಂಡಿತು. ಬೆಲೆಯ ಜೊತೆಗೆ ಒತ್ತುವರಿಯೂ ಹೆಚ್ಚಿತು. ಮಲೆನಾಡಿನಲ್ಲಿ ಒತ್ತುವರಿ ಎಂದರೆ ಒಂದೇ ಬಗೆಯದಲ್ಲ. ಹೊಟ್ಟೆಪಾಡಿಗೆ ಒಂದೆರಡು ಎಕರೆ ಮಾಡಿಕೊಂಡವರಿದ್ದಾರೆ. ಇರುವ ತೋಟಕ್ಕೆ ಕಾಡನ್ನೇ ಕೂಡಿಸಿಕೊಂಡವರೂ ಇದ್ದಾರೆ. ತೆರವಿನ ಕಾರ್ಯಾಚರಣೆಗಳು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದವು. ಒಬ್ಬರು ವಕೀಲರನ್ನು ಇಟ್ಟುಕೊಂಡರು, ಇನ್ನೊಬ್ಬರು ಗಾರ್ಡಿನ ಕಾಲಿಗೆ ಬಿದ್ದರು.

ಗಣಿ ಮತ್ತು ಉದ್ಯಾನ

ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಭದ್ರೆಯ ಉಗಮದ ಬೆಟ್ಟಗಳಲ್ಲಿ ಗಣಿ, ಲಕ್ಯಾ ಅಣೆಕಟ್ಟು, ಅದಿರಿನ ಕೊಳವೆಮಾರ್ಗ, ಕಾಡಿನ ನಡುವೆ ಒಂದು ಆಧುನಿಕ ಟೌನ್‌ಶಿಪ್ ಬಂದವು. 1987ರಲ್ಲಿ ಅದೇ ಸೀಮೆಯನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಪ್ರಾಥಮಿಕ ಅಧಿಸೂಚನೆ ಹೊರಬಿತ್ತು. 2001ರಲ್ಲಿ ಬಂದ ಅಂತಿಮ ಅಧಿಸೂಚನೆ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ಉದ್ಯಾನವೆಂದು ಸಾರಿತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ತೀರ್ಪು ನೀಡಿತು, 2005ರ ಕೊನೆಗೆ ಗಣಿ ನಿಂತಿತು. ಪರಿಸರ ಚಳವಳಿಗೆ ಇದು ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಣಿಯನ್ನು ಹೊರಹಾಕಿದ ಕಾನೂನೇ ಕಾಡಿನೊಳಗಿನ ಹಳ್ಳಿಗಳ ಬಾಗಿಲನ್ನೂ ತಟ್ಟಿತು. ಗಣಿ ಕಂಪನಿ ಬೆಟ್ಟ ಅಗೆದು ರಫ್ತು ಮಾಡಿತ್ತು, ಮಲೆಕುಡಿಯ ಕುಟುಂಬ ಸೀಗೆಕಾಯಿ ಕೊಯ್ದಿತ್ತು. ಕಾಡಿನಲ್ಲಿ ಇರಬಾರದವರ ಪಟ್ಟಿಯಲ್ಲಿ ಎರಡೂ ಒಟ್ಟಿಗೆ ಸೇರಿದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಭಯಾರಣ್ಯಕ್ಕಿಂತ ರಾಷ್ಟ್ರೀಯ ಉದ್ಯಾನದ ನಿಯಮ ಬಿಗಿ. ಅಲ್ಲಿ ದನ ಮೇಯಿಸುವಂತಿಲ್ಲ, ಕಾಡುತ್ಪತ್ತಿ ತೆಗೆಯುವಂತಿಲ್ಲ. ಕಾಗದದ ಮೇಲೆ ಇದು ಕಾಡಿನ ನಿಯಮ, ಮನೆಯೊಳಗೆ ಇದು ಅಡುಗೆಮನೆಯ ನಿಯಮ. ಸೌದೆಗೆ ಹೋದ ಹೆಂಗಸನ್ನು ತಡೆಯುವುದು ಗಾರ್ಡಿಗೆ ಎಲ್ಲಕ್ಕಿಂತ ಸುಲಭದ ಕೆಲಸ. ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕಾಡುತ್ಪತ್ತಿ ಕೊಟ್ಟು ಕೈಗೆ ಬರುತ್ತಿದ್ದ ನಾಲ್ಕು ಕಾಸು ನಿಂತರೆ ಅವಳು ಮತ್ತೆ ತೋಟದ ಕೂಲಿಗೇ ಇಳಿಯಬೇಕು.

ತೊಂಬತ್ತರ ದಶಕದ ಕೊನೆಯಿಂದ ಶೃಂಗೇರಿ, ಕೊಪ್ಪ, ಕಳಸ ಸುತ್ತ ಉದ್ಯಾನದ ವಿರುದ್ಧ ಸಭೆ, ಮೆರವಣಿಗೆ, ಧರಣಿಗಳು ನಡೆದವು. ವೇದಿಕೆಯಲ್ಲಿ ಮಾತಾಡಿದವರು, ಪತ್ರಿಕೆಗಳಲ್ಲಿ ಹೆಸರು ಬಂದವರು ಹೆಚ್ಚಾಗಿ ಗಂಡಸರು, ಅದರಲ್ಲೂ ಅಡಿಕೆ ಬೆಳೆಗಾರ ಸಮುದಾಯಗಳವರು. ಕೂಲಿ ಬಿಟ್ಟು ಬಂದು ನೆಲದ ಮೇಲೆ ಕೂತವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಒಕ್ಕಲೆಬ್ಬಿಸಬಾರದು ಎಂಬ ಘೋಷಣೆ ಇಬ್ಬರದೂ ಒಂದೇ. ಬೇಡಿಕೆ ಮಾತ್ರ ಬೇರೆ. ತೋಟದ ಮಾಲೀಕರಿಗೆ ಪಹಣಿ ಇರುವ ಜಮೀನಿನ ಭದ್ರತೆ ಬೇಕಿತ್ತು. ಮಲೆಕುಡಿಯರಿಗೆ, ಗೌಡಲುಗಳಿಗೆ ಇನ್ನೂ ಮೊದಲ ಪಹಣಿಯೇ ಸಿಕ್ಕಿರಲಿಲ್ಲ.

ಸ್ಥಳಾಂತರದ ಇನ್ನೊಂದು ಮುಖ ಜಿಲ್ಲೆಯಲ್ಲೇ ಇದೆ. ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳ ನಾಲ್ಕುನೂರಕ್ಕೂ ಹೆಚ್ಚು ಕುಟುಂಬಗಳು ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಳಗೂರಿಗೂ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಹೋದವು. ಭೂಮಿ, ಮನೆ, ಶಾಲೆ ಸಿಕ್ಕ ಈ ಸ್ಥಳಾಂತರವನ್ನು ದೇಶದ ಉತ್ತಮ ಉದಾಹರಣೆಗಳಲ್ಲಿ ಒಂದೆಂದು ಸಂಶೋಧಕರು ಗುರುತಿಸಿದ್ದಾರೆ. ಕುದುರೆಮುಖದಲ್ಲೂ ಸ್ವಇಚ್ಛೆಯ ಪುನರ್ವಸತಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಪರಿಹಾರಕ್ಕೆ ಕಾದ ಕುಟುಂಬಗಳಿವೆ. ಹೆರಿಗೆ ನೋವು ಕಾಣಿಸಿಕೊಂಡವಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ರಸ್ತೆಗೆ ತರಬೇಕಾದ ಊರಿನಲ್ಲಿ, ಮಕ್ಕಳು ಹಾಸ್ಟೆಲಿನಲ್ಲೇ ಬೆಳೆಯಬೇಕಾದ ಊರಿನಲ್ಲಿ, ಹೊರಡೋಣ ಎಂದು ಮೊದಲು ಹೇಳುವವಳೂ ತಾಯಿಯೇ ಆಗಿರಬಹುದು. ನೆಲ ಉಳಿಸುವ ಹೋರಾಟವನ್ನು ಊರು ಬಿಡದಿರುವ ಹಟ ಎಂದಷ್ಟೇ ಅರ್ಥಮಾಡಿಕೊಂಡರೆ ಈ ಹೆಂಗಸರಿಗೆ ಅನ್ಯಾಯವಾಗುತ್ತದೆ. ಅವರ ಪ್ರಶ್ನೆ ಬೇರೆ: ಇರುವುದಾದರೆ ಹಕ್ಕಿನಿಂದ ಇರಬೇಕು, ಹೋಗುವುದಾದರೆ ಕೇಳಿ ಕಳಿಸಬೇಕು. ರಸ್ತೆ, ಕರೆಂಟು, ಸೇತುವೆಗಳನ್ನು ದಶಕಗಟ್ಟಲೆ ತಡೆಹಿಡಿದು ಆಮೇಲೆ ಪಡೆದ ಒಪ್ಪಿಗೆಯನ್ನು ಸ್ವಇಚ್ಛೆ ಎಂದು ಕರೆಯುವುದು ಹೇಗೆ ಎಂಬುದು ನ್ಯಾಯವಾದ ತಕರಾರು.

ಬಂದೂಕಿನ ವರ್ಷಗಳು

ಈ ಅಧ್ಯಾಯವನ್ನು ಬಿಟ್ಟು ಮಲೆನಾಡಿನ ಭೂಹೋರಾಟದ ಚರಿತ್ರೆ ಬರೆಯಲಾಗದು, ಇದನ್ನು ವೈಭವೀಕರಿಸಿಯೂ ಬರೆಯಬಾರದು. ಉದ್ಯಾನ-ವಿರೋಧಿ ಅಸಮಾಧಾನದ ನಡುವೆ ನಕ್ಸಲ್ ಚಳವಳಿ ಇಲ್ಲಿ ಬೇರುಬಿಡಲು ನೋಡಿತು. 2003ರ ನವೆಂಬರ್ 17ರಂದು ಕಾರ್ಕಳ ತಾಲ್ಲೂಕಿನ ಈದು ಗ್ರಾಮದಲ್ಲಿ ನಡೆದ ಎನ್‌ಕೌಂಟರಿನಲ್ಲಿ ಸತ್ತವರು ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ಯುವತಿಯರು. 2005ರ ಫೆಬ್ರುವರಿ 6ರಂದು ಬಾಳಿಗೆ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. 2007ರ ಜುಲೈನಲ್ಲಿ ಮೆಣಸಿನಹಾಡ್ಯದ ಬಳಿ ಐವರು ಗುಂಡಿಗೆ ಬಲಿಯಾದಾಗ ಅವರಲ್ಲಿ ಸ್ಥಳೀಯ ಆದಿವಾಸಿಗಳೂ ಇದ್ದರು.

2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಆರು ಮಂದಿ ನಕ್ಸಲರು ಶರಣಾದರು. ನಾಲ್ವರು ಮಹಿಳೆಯರು. ಅವರಲ್ಲಿ ಮುಂಡಗಾರು ಲತಾ ಶೃಂಗೇರಿ ತಾಲ್ಲೂಕಿನವರು, ವನಜಾಕ್ಷಿ ಕಳಸ ಸೀಮೆಯ ಬಾಳೆಹೊಳೆಯವರು, ಸುಂದರಿ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನವರು. ವನಜಾಕ್ಷಿಯವರು ಭೂಗತರಾಗುವ ಮುನ್ನ ಗ್ರಾಮ ಪಂಚಾಯಿತಿಗೆ ಆಯ್ಕೆಯಾಗಿದ್ದವರೆಂದು ಶರಣಾಗತಿಯ ದಿನಗಳ ಪತ್ರಿಕಾ ವರದಿಗಳು ಹೇಳಿದವು. ಪಂಚಾಯಿತಿ ಸದಸ್ಯತ್ವದಿಂದ ಬಂದೂಕಿನವರೆಗೆ, ಅಲ್ಲಿಂದ ಮತ್ತೆ ನಾಗರಿಕ ಜೀವನಕ್ಕೆ ಸಾಗಿದ ಈ ದಾರಿಯಲ್ಲಿ ಎರಡು ದಶಕಗಳು ಕಳೆದುಹೋದವು. ಬಂದೂಕು ಹಿಡಿದದ್ದರಿಂದ ಯಾವ ಹಾಡಿಗೂ (ಆದಿವಾಸಿ ವಸತಿಗೂ) ಒಂದು ಹಕ್ಕುಪತ್ರ ಬರಲಿಲ್ಲ. ಬದಲಾಗಿ ಕಾಡಿನ ಹಳ್ಳಿಗಳಲ್ಲಿ ಕೂಂಬಿಂಗ್, ವಿಚಾರಣೆ, ಅನುಮಾನ ತುಂಬಿಕೊಂಡವು. ಸಭೆ ಸೇರುವುದಕ್ಕೂ ಹೆಂಗಸರು ಹೆದರಬೇಕಾದ ಕಾಲ ಅದು. ಶರಣಾದವರು ಸರ್ಕಾರದ ಮುಂದಿಟ್ಟ ಬೇಡಿಕೆಗಳಲ್ಲೂ ಕಾಡಿನ ಜನರ ಭೂಮಿಯ ಮಾತಿತ್ತು.

ಕಾಗದದ ಕಾಳಗ

ನಿಜವಾದ ತಿರುವು 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸ ಮತ್ತು ಸಾಗುವಳಿ ಮಾಡುತ್ತಿರುವ ಪರಿಶಿಷ್ಟ ಪಂಗಡದವರಿಗೆ, ಮೂರು ತಲೆಮಾರು ಅಂದರೆ 75 ವರ್ಷಗಳ ವಾಸ ತೋರಿಸಬಲ್ಲ ಇತರ ಪಾರಂಪರಿಕ ಅರಣ್ಯವಾಸಿಗಳಿಗೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕನ್ನು ಇದು ಮಾನ್ಯ ಮಾಡುತ್ತದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೂ ಇದು ಅನ್ವಯ. ಅರ್ಜಿ ಇತ್ಯರ್ಥವಾಗುವವರೆಗೆ ಒಕ್ಕಲೆಬ್ಬಿಸುವಂತಿಲ್ಲ.

ಮಹಿಳೆಯರ ಮಟ್ಟಿಗೆ ಈ ಕಾಯ್ದೆಯಲ್ಲಿ ಮೂರು ಅಂಶಗಳು ಗಮನಾರ್ಹ. ಮದುವೆಯಾದವರಿಗೆ ಹಕ್ಕುಪತ್ರ ಗಂಡಹೆಂಡಿರ ಜಂಟಿ ಹೆಸರಿನಲ್ಲಿರಬೇಕು, ಒಂಟಿ ಮಹಿಳೆ ಯಜಮಾನಿಯಾಗಿದ್ದರೆ ಅವಳ ಹೆಸರಿನಲ್ಲೇ ಇರಬೇಕು. ಆ ಭೂಮಿ ಮಕ್ಕಳಿಗೆ ಸಲ್ಲುತ್ತದೆ, ಪರಭಾರೆ ಮಾಡುವಂತಿಲ್ಲ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕು. ಗ್ರಾಮಸಭೆಯ ಕೋರಂಗೂ ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕೆಂದು 2012ರ ತಿದ್ದುಪಡಿ ನಿಯಮಗಳು ಹೇಳುತ್ತವೆ. ಇವೆರಡಕ್ಕಿಂತ ದೊಡ್ಡದು ಮೂರನೆಯದು. ಪುರಾವೆಗಳ ಪಟ್ಟಿಯಲ್ಲಿ ಸರ್ಕಾರಿ ದಾಖಲೆಗಳ ಜೊತೆಗೆ ಊರ ಹಿರಿಯರ ಲಿಖಿತ ಹೇಳಿಕೆಗೂ ಸ್ಥಾನವಿದೆ. ಮನೆ, ಒಡ್ಡು, ಮಟ್ಟಮಾಡಿದ ನೆಲದಂಥ ಭೌತಿಕ ಗುರುತುಗಳಿಗೂ, ಸಮುದಾಯದ ಹಕ್ಕಿನ ವಿಷಯದಲ್ಲಿ ದೇವರ ಬನ, ಮಸಣಗಳಿಗೂ ಸ್ಥಾನವಿದೆ. ಅಜ್ಜಿಯ ನೆನಪು ಹೀಗೆ ಮೊದಲ ಬಾರಿಗೆ ದಾಖಲೆಯಾಯಿತು. ಹೊಳೆಯ ಸಂದಿಯಲ್ಲಿದ್ದ ಹಳೆಯ ಮನೆಯ ಅಡಿಗಲ್ಲನ್ನು ತೋರಿಸಬಲ್ಲವಳು ಆಕೆ. ಗದ್ದೆಯ ಅಂಚಿನ ಹಲಸು ಯಾವ ಮಳೆಗಾಲದಲ್ಲಿ ನೆಟ್ಟದ್ದು ಎಂದು ಹೇಳಬಲ್ಲವಳೂ ಆಕೆ. ಜಿಪಿಎಸ್ ಹಿಡಿದು ಬಂದ ಸರ್ವೆಯವರಿಗೆ ಗಡಿ ತೋರಿಸಿಕೊಡಲು ಹಾಡಿಯ ಹೆಂಗಸರಿಗಿಂತ ಬಲ್ಲವರು ಬೇರೆ ಇಲ್ಲ.

ಕಾಯ್ದೆ ಹೀಗೆಂದರೂ ಮಲೆನಾಡಿನ ಭೂಗೋಳ ಸುಲಭಕ್ಕೆ ಒಗ್ಗಲಿಲ್ಲ. ಬಯಲುಸೀಮೆಯ ಹಳ್ಳಿಯಂತೆ ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದು ಮನೆಯಿಂದ ಮುಂದಿನ ಮನೆಗೆ ಹಳ್ಳ ದಾಟಬೇಕು, ಏರು ಹತ್ತಬೇಕು. ಗ್ರಾಮಸಭೆಯನ್ನು ಪಂಚಾಯಿತಿ ಕೇಂದ್ರದಲ್ಲಿ ಕರೆದರೆ ಅಲ್ಲಿಗೆ ಹೋಗಿಬರುವುದಕ್ಕೇ ಒಂದು ದಿನದ ಕೂಲಿ ಹೋಯಿತು. ಕುಯಿಲಿನ ಕಾಲವಾದರೆ ತೋಟದ ರೈಟರ ಮುನಿಸು ಬೇರೆ. ಹಾಡಿಯ ಮಟ್ಟದಲ್ಲೇ ಸಭೆ ಕರೆಯಿರಿ ಎಂಬ ಬೇಡಿಕೆ ಹೊರಗಿನವರಿಗೆ ಸಣ್ಣ ತಾಂತ್ರಿಕ ವಿಷಯದಂತೆ ಕಾಣಬಹುದು. ಕೋರಂ ಹೆಂಗಸರ ಮೇಲೆ ನಿಂತಿರುವಾಗ ಅವರಿಲ್ಲದ ಸಭೆಯ ನಿರ್ಣಯಕ್ಕೆ ಬೆಲೆಯಿಲ್ಲ. ಸಹಿಪುಸ್ತಕವನ್ನು ಮನೆಮನೆಗೆ ಕಳಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಸಭೆಯೂ ಅಲ್ಲ. ಈ ಬೆಟ್ಟಗಳಲ್ಲಿ ಮಹಿಳಾ ನಾಯಕತ್ವ ಏನೆಂದು ಕೇಳಿದರೆ ಅದರ ಬಹುಭಾಗ ಇಲ್ಲಿದೆ: ಇಪ್ಪತ್ತು ಮನೆಗಳ ಹೆಂಗಸರನ್ನು ಒಂದೇ ದಿನ ಒಂದೇ ಜಾಗಕ್ಕೆ ಕರೆತರುವುದರಲ್ಲಿ, ಅವರು ಬಾಯಿ ಬಿಟ್ಟು ಮಾತಾಡುವಂತೆ ಮಾಡುವುದರಲ್ಲಿ.

ಅದಕ್ಕೆ ನೆಲ ಹದಮಾಡಿದ ಬೇರೆ ಸಂಗತಿಗಳೂ ಇವೆ. ಕರ್ನಾಟಕದ 1983ರ ಪಂಚಾಯತ್ ಕಾಯ್ದೆ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. ಮೀಸಲಾತಿ ಇಂದು ಅರ್ಧಕ್ಕೆ ಏರಿದೆ. ಮೂಡಿಗೆರೆಯ ಶಾಸಕಿಯಾಗಿದ್ದ ಮೋಟಮ್ಮನವರು ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದಾಗ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಹುಟ್ಟಿಕೊಂಡವು. ಮೋಟಮ್ಮ ಆದಿವಾಸಿಯಲ್ಲ, ದಲಿತ ಸಮುದಾಯದವರು. ಆದರೂ ಕಾಫಿ ಸಾಹುಕಾರಿಕೆಯ ಊರಿನಿಂದ ಕೂಲಿಕಾರರ ಮನೆಯ ಹೆಣ್ಣುಮಗಳೊಬ್ಬಳು ವಿಧಾನಸೌಧ ಹತ್ತಿದ್ದು ಲೈನು ಮನೆಗಳ ಹೆಂಗಸರಿಗೆ ಒಂದು ಸುದ್ದಿಯಾಗಿತ್ತು. ವಾರಕ್ಕೆ ಹತ್ತೋ ಇಪ್ಪತ್ತೋ ಉಳಿತಾಯ ಮಾಡುವ ಸಂಘದ ಸಭೆಯಲ್ಲಿ ಸಹಿ ಮಾಡಲು, ಲೆಕ್ಕ ಕೇಳಲು ಕಲಿತವರೇ ಮುಂದೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿಯ ಹಿಂಬರಹ ಕೊಡಿ ಎಂದು ಕೇಳಿದರು. ಅರ್ಜಿ ತಿರಸ್ಕಾರವಾದರೆ ಲಿಖಿತ ಕಾರಣ ಕೊಡಬೇಕು, ಮೇಲ್ಮನವಿಗೆ ಅವಕಾಶ ಇರಬೇಕು ಎಂದು ಗೊತ್ತಿರುವುದೇ ಈ ಕಾಳಗದ ಅರ್ಧ ಬಲ.

ಲೆಕ್ಕ ಮಾತ್ರ ನಿರಾಶೆ ಹುಟ್ಟಿಸುವಂಥದ್ದು. ಕರ್ನಾಟಕದಲ್ಲಿ ಸಲ್ಲಿಕೆಯಾದ ಸುಮಾರು 2.9 ಲಕ್ಷ ಅರ್ಜಿಗಳಲ್ಲಿ ಹಕ್ಕುಪತ್ರವಾಗಿ ಹೊರಬಂದವು 16 ಸಾವಿರದ ಆಸುಪಾಸು, ಬಹುಪಾಲು ತಿರಸ್ಕೃತ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಲು ಹೇಳಿದಾಗ ಕಾಡಂಚಿನ ಮನೆಗಳಲ್ಲಿ ಆತಂಕ ಹಬ್ಬಿತು. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ಬಂತು, ಮರುಪರಿಶೀಲನೆಯ ಮಾತೂ ಬಂತು. ಮೂಲ ಪ್ರಕರಣದ ಅರ್ಜಿದಾರರಲ್ಲಿ ಕರ್ನಾಟಕದ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯೂ ಒಂದು. ಒಂದೇ ರಾಜ್ಯದ ಕಾಡಿನ ಪ್ರೇಮಿಗಳೂ ಕಾಡಿನ ಜನರೂ ಕೋರ್ಟಿನ ಎರಡು ಬದಿಗೆ ನಿಂತದ್ದು ವಿಪರ್ಯಾಸ.

ಇದರ ಪಕ್ಕದಲ್ಲಿ ಇನ್ನೊಂದು ಕಾನೂನನ್ನು ಇಟ್ಟು ನೋಡಬೇಕು. ಕಾಫಿ, ಏಲಕ್ಕಿ, ಕಾಳುಮೆಣಸು ಮುಂತಾದ ತೋಟದ ಬೆಳೆಗಳಿಗಾಗಿ ಒತ್ತುವರಿಯಾದ ಸರ್ಕಾರಿ ಭೂಮಿಯನ್ನು ಬೆಳೆಗಾರರಿಗೇ 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡಲು ಕರ್ನಾಟಕ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಇದು ಅರಣ್ಯಭೂಮಿಗೆ ಸಂಬಂಧಿಸಿದ್ದಲ್ಲ, ಕಂದಾಯ ಭೂಮಿಯದು. ಸಣ್ಣ ಬೆಳೆಗಾರರಿಗೂ ಇದರಿಂದ ಉಪಯೋಗವಿದೆ. ಆದರೂ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ತೋಟದವರ ಒತ್ತುವರಿ ಗುತ್ತಿಗೆಯಾಗಿ ಸಕ್ರಮವಾಗುವಾಗ ಅದೇ ಭೂಮಿಯ ಮೂಲೆಯಲ್ಲಿ ಗುಡಿಸಲು ಕಟ್ಟಿಕೊಂಡವಳು ನಿವೇಶನದ ಅರ್ಜಿ ಹಿಡಿದು ವರ್ಷಗಟ್ಟಲೆ ಅಲೆಯುತ್ತಾಳೆ. ಅವಳ ಬಾಯಲ್ಲಿ ಬರುವ ಪದಗಳನ್ನು ಕೇಳಿ: ಸೆಕ್ಷನ್ ನಾಲ್ಕು, ಸೆಕ್ಷನ್ ಹದಿನೇಳು, ಡೀಮ್ಡ್ ಫಾರೆಸ್ಟ್, 94ಸಿ, ಫಾರಂ 57, ಪೋಡಿ. ಶಾಲೆಯ ಮೆಟ್ಟಿಲು ಹತ್ತದವಳೂ ಅರಣ್ಯ, ಕಂದಾಯ ಇಲಾಖೆಗಳ ಈ ಪಾಠವನ್ನು ಒಪ್ಪಿಸಬಲ್ಲಳು. 2022ರಲ್ಲಿ ರಾಜ್ಯ ಸರ್ಕಾರ ಡೀಮ್ಡ್ ಫಾರೆಸ್ಟನ್ನು, ಅಂದರೆ ಅಧಿಸೂಚನೆಯಿಲ್ಲದಿದ್ದರೂ ಕಾಡೆಂದು ಪರಿಗಣಿಸಿದ ಭೂಮಿಯನ್ನು, 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷ ಹೆಕ್ಟೇರಿಗೆ ಇಳಿಸಿದಾಗ ಮಲೆನಾಡಿನಲ್ಲಿ ಅಷ್ಟೊಂದು ಸಂಭ್ರಮ ಏಕೆಂದು ಬೆಂಗಳೂರಿನವರಿಗೆ ಅರ್ಥವಾಗದಿದ್ದರೆ ಕಾರಣ ಇಲ್ಲಿದೆ.

2019ರ ಆಗಸ್ಟ್ ಮಳೆ ಕಾಗದದ ಬೆಲೆಯನ್ನು ಇನ್ನೊಂದು ಬಗೆಯಲ್ಲಿ ಕಲಿಸಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಜಾರಿ ಮನೆ, ತೋಟ, ಗದ್ದೆ ಕೊಚ್ಚಿಹೋದವು. ಪರಿಹಾರದ ಮೊದಲ ಪ್ರಶ್ನೆಯೇ ದಾಖಲೆಯದು. ದಾಖಲೆಯಿಲ್ಲದ ನೆಲ ಮಣ್ಣುಪಾಲಾದರೆ ಅದು ಇತ್ತೆಂದು ಸಾಬೀತು ಮಾಡುವುದೂ ಕಷ್ಟ.

ನೆರೆಯ ಬೆಟ್ಟಗಳಲ್ಲಿ

ಚಿಕ್ಕಮಗಳೂರಿನಲ್ಲಿ ಮೆಲ್ಲಗೆ ನಡೆದದ್ದು ಕೊಡಗಿನಲ್ಲಿ ಸ್ಫೋಟವಾಯಿತು. ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದವರು ಹೆಚ್ಚಾಗಿ ಕಾಫಿ ತೋಟಗಳ ಲೈನು ಮನೆ ಬಿಟ್ಟುಬಂದ ಜೇನುಕುರುಬ, ಯರವ ಕುಟುಂಬಗಳವರು. 2016ರ ಡಿಸೆಂಬರ್ 7ರಂದು ಅರಣ್ಯ ಇಲಾಖೆ 577 ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಿತು. ಬಯಲಲ್ಲೇ ಕೂತ ಜನ ಜಾಗ ಬಿಡಲಿಲ್ಲ. ಆ ಹೋರಾಟದ ಮುಂಚೂಣಿಯಲ್ಲಿ ನಿಂತವರು ಜೇನುಕುರುಬ ಸಮುದಾಯದ ಮುತ್ತಮ್ಮ. ಲೈನು ಮನೆಯ ಬದುಕೇ ಜೀತದ ಮುಂದುವರಿಕೆ ಎಂಬ ಮಾತನ್ನು ರಾಜ್ಯ ಮೊದಲ ಬಾರಿಗೆ ಗಟ್ಟಿಯಾಗಿ ಕೇಳಿಸಿಕೊಂಡದ್ದು ದಿಡ್ಡಳ್ಳಿಯಿಂದ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ನಟ ಚೇತನ್ ಮೊದಲಾದವರು ಬೆಂಬಲಕ್ಕೆ ಬಂದರು. ಕೊನೆಗೆ ಐನೂರಕ್ಕೂ ಹೆಚ್ಚು ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಮತ್ತು ಮನೆ ದೊರೆತವು. ಅವರು ಕೇಳಿದ ಕಾಡಂಚಿನ ನೆಲ ಸಿಗಲಿಲ್ಲ, ಸಿಕ್ಕಿದ್ದು ಸೂರು. ಅರ್ಧ ಗೆಲುವು ಎನ್ನಬೇಕು. ಆದರೂ ಲೈನು ಮನೆಯ ಪ್ರಶ್ನೆಯನ್ನು ಅರಣ್ಯ ಹಕ್ಕಿನ ಪ್ರಶ್ನೆಗೆ ಜೋಡಿಸಿದ ಕೀರ್ತಿ ಆ ಹೆಂಗಸರದು, ಮೂಡಿಗೆರೆಯ ತೋಟಗಳಿಗೂ ಅದು ಸಲ್ಲುವ ಪಾಠ.

ನಾಗರಹೊಳೆಯಲ್ಲಿ 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಳೆಯ ಹಾಡಿಗೆ ಮರಳಿ ಕಾಲಿಟ್ಟು ಅರಣ್ಯ ಹಕ್ಕನ್ನು ಪ್ರತಿಪಾದಿಸಿದವು. ಘಟ್ಟದ ಕೆಳಗೆ ಕೊರಗ ಆದಿವಾಸಿಗಳು 1993ರ ಆಗಸ್ಟ್ 18ರಂದು ಭೂಮಿಗಾಗಿ ಮಂಗಳೂರಿನಲ್ಲಿ ನಡೆಸಿದ ಮೆರವಣಿಗೆಯ ನೆನಪಿಗೆ ಪ್ರತಿವರ್ಷ ಅದೇ ದಿನ ಭೂಮಿ ಹಬ್ಬ ಆಚರಿಸುತ್ತಾರೆ. ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂಬ ಮಹಮ್ಮದ್ ಪೀರ್ ವರದಿಯ ಶಿಫಾರಸು ಅವರ ನಿರಂತರ ಬೇಡಿಕೆ. ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಕೊರಗ ಸಂಘಗಳ ಒಕ್ಕೂಟವನ್ನು ಸುಶೀಲಾ ನಾಡ ಮುನ್ನಡೆಸಿದ್ದಾರೆ. ವಯನಾಡಿನ ಆದಿವಾಸಿ ನಾಯಕಿ ಸಿ.ಕೆ. ಜಾನು ಅಡಿಯ ಸಮುದಾಯದವರು; ಅದೇ ಜನ ಕೊಡಗಿನಲ್ಲಿ ಯರವರೆನಿಸಿಕೊಳ್ಳುತ್ತಾರೆ. 2003ರ ಮುತ್ತಂಗ ಭೂ ಹೋರಾಟ ಮತ್ತು ಫೆಬ್ರುವರಿ 19ರ ಗೋಲಿಬಾರ್ ಅವರ ಹೆಸರನ್ನು ದೇಶಕ್ಕೆ ಪರಿಚಯಿಸಿತು.

ದೇಶ ಮತ್ತು ಜಗತ್ತು

ಚಿಪ್ಕೋ ಚಳವಳಿಯಲ್ಲಿ 1974ರ ಮಾರ್ಚ್ 26ರಂದು ಗಢವಾಲದ ರೇಣಿಯಲ್ಲಿ ಗೌರಾದೇವಿ ಮತ್ತು ಸಂಗಾತಿಗಳು ಮರಗಳಿಗೆ ಅಡ್ಡನಿಂತರು. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಮೊದಲಾಯಿತು. ಇವೆರಡೂ ಮರ ಉಳಿಸಿದ ಚಳವಳಿಗಳಾಗಿ ಜನಪ್ರಿಯವಾದವು. ನೆಲದ ಒಡೆತನದ ಮಾತು ಅವುಗಳಲ್ಲಿ ಹಿಂದೆ ಸರಿಯಿತು. ನೆಲದ ಮಾತನ್ನೇ ಮುಂದಿಟ್ಟ ಮಹಿಳೆಯರು ಹೊರದೇಶಗಳಲ್ಲಿದ್ದಾರೆ. ಹೊಂಡುರಾಸ್‌ನ ಲೆಂಕಾ ಸಮುದಾಯದ ಬೆರ್ತಾ ಕಾಸೆರೆಸ್ ಅಣೆಕಟ್ಟೆಯೊಂದನ್ನು ವಿರೋಧಿಸಿ 2016ರಲ್ಲಿ ಕೊಲೆಯಾದರು. ಈಕ್ವೆಡಾರ್‌ನ ವವೋರಾನಿ ನಾಯಕಿ ನೆಮೊಂತೆ ನೆಂಕಿಮೊ 2019ರಲ್ಲಿ ತಮ್ಮ ಕಾಡಿನ ತೈಲ ಹರಾಜಿನ ವಿರುದ್ಧ ಕೋರ್ಟಿನಲ್ಲಿ ಗೆದ್ದರು. ವಿಶ್ವಸಂಸ್ಥೆಯ 2007ರ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಒಪ್ಪಿಗೆಯಿಲ್ಲದ ಸ್ಥಳಾಂತರವನ್ನು ನಿಷೇಧಿಸುತ್ತದೆ. ಭಾರತ ಅದರ ಪರ ಮತ ಹಾಕಿದೆ.

ಈಗಿನ ಸ್ಥಿತಿ

ಕುದುರೆಮುಖ ಉದ್ಯಾನ 2012ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಶ್ಚಿಮಘಟ್ಟ ತಾಣಗಳಲ್ಲಿ ಒಂದು. ಪಶ್ಚಿಮಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ ಆಧರಿಸಿದ 2024ರ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರಸೂಕ್ಷ್ಮ ಎಂದು ಗುರುತಿಸಿತು, ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಈ ಗದ್ದಲದಲ್ಲಿ ಬೆಳೆಗಾರರ ಸಂಘಗಳ ದನಿ ಕೇಳಿದೆ, ರಾಜಕಾರಣಿಗಳ ದನಿ ಕೇಳಿದೆ, ಹೋಂಸ್ಟೇಯವರ ದನಿಯೂ ಕೇಳಿದೆ. ಟ್ರೆಕ್ಕಿಂಗ್‌ಗೆ ಬಂದವರು ಆನ್‌ಲೈನಿನಲ್ಲಿ ಟಿಕೆಟು ಪಡೆದು ಹತ್ತುವ ಬೆಟ್ಟದಲ್ಲಿ ಸೀಗೆಕಾಯಿಗೆ ಹೋಗುವುದು ಅಪರಾಧವಾಗಿಯೇ ಉಳಿದಿದೆ.

ಸರ್ಕಾರ ಇಲ್ಲಿ ಹೊಸ ಕಾಯ್ದೆ ಮಾಡಬೇಕಾದ ಅಗತ್ಯ ಕಾಣುವುದಿಲ್ಲ. ಇರುವ ಕಾಯ್ದೆಯ ಪ್ರಕಾರ ಹಾಡಿಯಲ್ಲೇ ಗ್ರಾಮಸಭೆ ಕರೆದು, ಹಿರಿಯ ಹೆಂಗಸರ ಹೇಳಿಕೆಯನ್ನು ಪುರಾವೆಯಾಗಿ ಬರೆದುಕೊಂಡು, ತಿರಸ್ಕೃತ ಅರ್ಜಿಗಳಿಗೆ ಕಾರಣ ಕೊಟ್ಟು, ಮಂಜೂರಾದ ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರನ್ನೂ ನಮೂದಿಸಿದರೆ ಬಹುಪಾಲು ತಕರಾರು ಇತ್ಯರ್ಥವಾಗುತ್ತದೆ. ಆ ಹೇಳಿಕೆ ಕೊಡಬಲ್ಲ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸು. ಮೂಡಿಗೆರೆ, ಕಳಸ, ಶೃಂಗೇರಿಯ ಕಾಲೇಜು ವಿದ್ಯಾರ್ಥಿಗಳು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಈ ಬೇಸಗೆಯಲ್ಲೇ ಹಾಡಿಗಳಿಗೆ ಹೋಗಿ ಅವರ ಮಾತನ್ನು ಸಾಕ್ಷಿಗಳ ಸಹಿಯೊಂದಿಗೆ ಬರೆದುಕೊಳ್ಳಲಿ.